ನೀಲಿ ಹರಳುಗಳು ದೊರೆತವು

ಸಭೆಯ ಅಧ್ಯಕ್ಷರೂ ನಮ್ಮ ಶಾಲಾ ಸಮಿತಿಯ ಹಿರಿಯರೂ ಆದ ಶ್ರೀಮಾನ್ ವೃಷಭೇಂದ್ರಪ್ಪನವರೇ, ಮುಖ್ಯೋಪಾಧ್ಯಾಯರಾದ ಏಕಾಂತಯ್ಯನವರೇ, ಇವತ್ತು ನಿವೃತ್ತರಾಗುತ್ತಿರುವ, ನಾವೆಲ್ಲ ಯಾರಿಗಾಗಿ ಇಲ್ಲಿ ಸೇರಿದ್ದೇವೋ ಆ ನಮ್ಮ ವಿಜ್ಞಾನದ ಮೇಷ್ಟ್ರು ವೆಂಕಟಸುಬ್ಬಯ್ಯನವರೇ, ಅವರ ಶ್ರೀಮತಿಯವರಾದ ರಮಾಮಣಿ ಅಮ್ಮನವರೇ, ಬಾಗಿಲ ಹತ್ತಿರ ಗಂಟೆಯ ಸುತ್ತಿಗೆ ಹಿಡಿದು ನನ್ನನ್ನೇ ನೋಡುತ್ತ ನಿಂತಿರುವ ಚಿಕ್ಕಣ್ಣನವರೇ, ಒಂಟಿಕೊಪ್ಪಲಿನ ಮಹನೀಯರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಹಿನಕಲ್ಲಿನವರೇ, ವಿದ್ಯಾರ್ಥಿಗಳೇ, ಸಭಿಕರೇ,

ನಾಲ್ಕು ವರ್ಷಗಳಿಂದ ಬಚ್ಚಿಟ್ಟುಕೊಂಡು ಬಂದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ಮುಂದಿನ ಮಾತು ನನ್ನ ಗಂಟಲಿನಿಂದ ಹೊರಡುವುದಿಲ್ಲ. ಹಿನಕಲ್ಲಿನಲ್ಲಿ ನಮ್ಮ ಮನೆಯ ಹಿತ್ತಲಿನ ಬಚ್ಚಲಿನಿಂದ ಭಾನುವಾರ ಭಾನುವಾರ ಹೊರಡುತ್ತಿದ್ದ ಹೊಗೆ, ಆ ಘಾಟು, ಅದು ಕಳ್ಳಭಟ್ಟಿಯದಲ್ಲ! ಅಲ್ಲಿ ಯಾರೂ ಸಾರಾಯಿ ಕಾಯಿಸುತ್ತಿರಲಿಲ್ಲ. ಲವಣ ತಯಾರಿಸುತ್ತಿದ್ದೆವು. ತಯಾರಿಸುತ್ತಿದ್ದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಹಾರ ಹಾಕಿಸಿಕೊಂಡು ಈ ವೇದಿಕೆಯ ಮೇಲೆ ಕುಳಿತಿದ್ದಾರೆ.

ಮೇಷ್ಟ್ರೇ, ನೀವು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದೀರಿ. ಕ್ಷಮಿಸಿ. ಶಾಲೆ ಬಿಟ್ಟ ಹುಡುಗನ ಬಚ್ಚಲಲ್ಲಿ ಮೇಷ್ಟ್ರು ಒಲೆ ಊದುತ್ತಾರೆಂದು ಗೊತ್ತಾದರೆ ಸಮಿತಿಯವರು ಏನೆಂದಾರೋ ಎಂದು ನೀವು ಹೆದರುತ್ತಿದ್ದಿರಿ. ಇವತ್ತು ಸಂಜೆಯಿಂದ ನೀವು ಯಾರಿಗೂ ಹೆದರಬೇಕಾಗಿಲ್ಲವಲ್ಲ! ಮತ್ತು ರಮಾಮಣಿ ಅಮ್ಮನವರೇ, ಮೇಷ್ಟ್ರ ಪಂಚೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಆ ಸಣ್ಣ ಸಣ್ಣ ತೂತುಗಳು ಬೀಡಿಯ ಕಿಡಿಯಿಂದ ಆದವಲ್ಲ. ನೀವು ಹಾಗೆ ತಿಳಿದು ಅವರ ಕೋಟಿನ ಜೇಬು ತಡಕುತ್ತಿದ್ದಿರಂತೆ. ಅವು ಗಂಧಕಾಮ್ಲದ ತೂತುಗಳು. ಮೇಷ್ಟ್ರು ಬೀಡಿ ಸೇದುವುದಿಲ್ಲ. ನನಗೆ ಗೊತ್ತು, ಏಕೆಂದರೆ ನಾನು ಸೇದುತ್ತೇನೆ, ಅದಕ್ಕಾಗಿ ಅವರಿಂದ ಬೈಸಿಕೊಂಡಿದ್ದೇನೆ.

ಈ ಹುಡುಗ ಯಾರು ಎಂದು ಕೆಲವರು ಪಿಸುಗುಟ್ಟುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ನನ್ನ ಹೆಸರು ಚೆಲುವರಾಜು. ಹಿನಕಲ್ಲಿನ ಮಂಗಳಮ್ಮನ ಮಗ. ಆಹ್ವಾನ ಪತ್ರಿಕೆಯಲ್ಲಿ 'ಹಳೆಯ ವಿದ್ಯಾರ್ಥಿಗಳ ಪರವಾಗಿ' ಎಂದು ಅಚ್ಚಾಗಿದೆ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಡಾಕ್ಟರರಿದ್ದಾರೆ, ಅರಮನೆ ಕಚೇರಿಯಲ್ಲಿ ಕೆಲಸ ಮಾಡುವವರಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಪಾಸಾದವನಲ್ಲ. ಫೇಲಾದವನೂ ಅಲ್ಲ. ಪರೀಕ್ಷೆಗೇ ಕೂರಲಿಲ್ಲ. ಹಾಲು ಹಾಕಿದೆ, ಸೈಕಲ್ ಅಂಗಡಿಯಲ್ಲಿ ಪಂಚರ್ ಹಾಕಿದೆ, ಟೂರಿಂಗ್ ಟಾಕೀಸಿನಲ್ಲಿ ಟಿಕೆಟ್ಟು ಹರಿದೆ, ಈಗ ಬ್ಯಾಟರಿ ಚಾರ್ಜು ಮಾಡುವ ಅಂಗಡಿಯಲ್ಲಿದ್ದೇನೆ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ ಎಂದು ನಮ್ಮಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ಅಂಥವನನ್ನು ಇಲ್ಲಿ ನಿಲ್ಲಿಸಿದವರು ಯಾರು? ಮೇಷ್ಟ್ರೇ. ಹಳೆಯ ವಿದ್ಯಾರ್ಥಿಗಳ ಪರವಾಗಿ ಯಾರು ಮಾತಾಡಬೇಕು ಎಂದು ಸಮಿತಿಯವರು ಕೇಳಿದಾಗ ಅವರು ನನ್ನ ಹೆಸರೊಂದನ್ನೇ ಹೇಳಿದರಂತೆ. ಐದೇ ನಿಮಿಷ ಎಂದು ಏಕಾಂತಯ್ಯನವರು ಷರತ್ತು ಹಾಕಿದ್ದಾರೆ. ಐದು ನಿಮಿಷವಾದ ಕೂಡಲೇ ಚಿಕ್ಕಣ್ಣನವರು ಗಂಟೆ ಹೊಡೆಯುತ್ತಾರೆ. ಗಂಟೆಗೂ ನನಗೂ ಹಳೆಯ ಲೆಕ್ಕವಿದೆ. ಅದನ್ನೇ ಹೇಳಬೇಕೆಂದಿದ್ದೇನೆ.

ವಿದ್ಯಾರ್ಥಿಗಳೇ, ನೀವು ಪ್ರಯೋಗಶಾಲೆಯಲ್ಲಿ ತಾಮ್ರದ ಸಲ್ಫೇಟ್ ತಯಾರಿಸುತ್ತೀರಲ್ಲವೇ? ನಮ್ಮ ಊರಿನಲ್ಲಿ ಮೈಲುತುತ್ತ ಎನ್ನುತ್ತೇವಲ್ಲ, ಅದೇ. ಹೇಗೆ ತಯಾರಿಸುತ್ತೀರಿ? ಬೀಕರಿನಲ್ಲಿ ನೀರು ಬೆರೆಸಿದ ಗಂಧಕಾಮ್ಲ, ಕೆಳಗೆ ದೀಪ. ಅದಕ್ಕೆ ತಾಮ್ರದ ಆಕ್ಸೈಡಿನ ಕರಿಯ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತೀರಿ. ಪುಡಿ ಕರಗಿ, ಕರಗಿ, ಇನ್ನು ಕರಗುವುದಿಲ್ಲ ಎಂದು ತಳದಲ್ಲಿ ಕೂರುವವರೆಗೂ ಹಾಕುತ್ತೀರಿ. ಏಕೆ? ಮೇಷ್ಟ್ರು ಹೇಳುತ್ತಿದ್ದುದು ನನಗೆ ಬಾಯಿಪಾಠ: "ಮಿಗೋದಾದ್ರೆ ಪುಡಿ ಮಿಗಲಿ ಕಣ್ರೋ. ಪುಡಿ ಮಿಕ್ಕರೆ ಸೋಸು ಕಾಗದದ ಮೇಲೆ ನಿಲ್ಲುತ್ತೆ. ಆಮ್ಲ ಮಿಕ್ಕರೆ ಕಾಗದದಿಂದ ಇಳಿದುಹೋಗಿ ಹರಳಿನ ಪಕ್ಕದಲ್ಲೇ ಕೂತುಬಿಡುತ್ತೆ, ನೆಂಟರ ಹಾಗೆ." ಸೋಸಿದ ನೀಲಿ ನೀರನ್ನು ಪಿಂಗಾಣಿ ಬಟ್ಟಲಿನಲ್ಲಿ ಕಾಯಿಸಿ ಇಂಗಿಸುತ್ತೀರಿ. ಪೂರ್ತಿ ಇಂಗಿಸಬಾರದು. ಗಾಜಿನ ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ತೆಗೆದು ಊದಿದರೆ ಅದು ಗಟ್ಟಿಯಾಗಬೇಕು, ಆಗ ಇಳಿಸಿ ತಣ್ಣಗಾಗಲು ಇಡಬೇಕು. ಆಮೇಲೆ? ಆಮೇಲೆ ಏನಾಗುತ್ತದೆ, ಹೇಳಿ ನೋಡೋಣ?

ಗಂಟೆ ಹೊಡೆಯುತ್ತದೆ! ಅಷ್ಟೇ ಆಗುವುದು. ನಗಬೇಡಿ, ನಿಮಗೆಲ್ಲ ಗೊತ್ತು. ಬಟ್ಟಲು ಇನ್ನೂ ಬಿಸಿಯಾಗಿರುವಾಗಲೇ ಪೀರಿಯಡ್ಡು ಮುಗಿಯುತ್ತದೆ. ಬಾಗಿಲಲ್ಲಿ ಮುಂದಿನ ಸೆಕ್ಷನ್ನಿನವರು ನೂಕಾಡುತ್ತಿರುತ್ತಾರೆ. ಚಿಕ್ಕಣ್ಣನವರು ಬಕೀಟು ತಂದು ಬಟ್ಟಲುಗಳನ್ನೆಲ್ಲ ಅದರಲ್ಲಿ ಮಗುಚಿ, ತೊಳೆದು, ನೀರನ್ನು ಚರಂಡಿಗೆ ಚೆಲ್ಲುತ್ತಾರೆ. ಪ್ರಯೋಗಶಾಲೆಯ ಹಿಂದಿನ ಆ ಚರಂಡಿಯ ಎರಡೂ ಬದಿಯಲ್ಲಿ ಹುಲ್ಲು ಹುಟ್ಟುವುದಿಲ್ಲ, ಬೇಕಾದರೆ ನೋಡಿ. ಎಷ್ಟು ವರ್ಷದ ಮೈಲುತುತ್ತ ಅಲ್ಲಿ ಇಳಿದಿದೆಯೋ! ಹರಳು ಕಾಣದಿದ್ದರೂ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ ಒಂದೇ ಸಾಲು ಬರೆಯುತ್ತಾರೆ: 'ಫಲಿತಾಂಶ: ಸುಂದರವಾದ ನೀಲಿ ಹರಳುಗಳು ದೊರೆತವು.' ಆ ಸಾಲು ಪ್ರಯೋಗ ಶುರುವಾಗುವ ಮುಂಚೆಯೇ ಕಪ್ಪು ಹಲಗೆಯ ಮೇಲೆ ಬಂದಿರುತ್ತದೆ. ನಮ್ಮ ಅಣ್ಣಂದಿರು ಬರೆದರು, ಅವರ ಅಣ್ಣಂದಿರು ಬರೆದರು. ಈ ಸಭೆಯಲ್ಲಿರುವ ವಕೀಲರೂ ಬರೆದಿದ್ದಾರೆ, ಡಾಕ್ಟರರೂ ಬರೆದಿದ್ದಾರೆ.

ನಾನು ಬರೆಯಲಿಲ್ಲ.

ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ನನಗೆ ನಿಜವಾಗಿಯೂ ಆ ಹರಳು ನೋಡಬೇಕಾಗಿತ್ತು. ವಾರವಿಡೀ ಅದಕ್ಕೇ ಕಾದಿದ್ದೆ. ಚಿಕ್ಕಣ್ಣನವರ ಬಕೀಟು ಬಂದಾಗ ಬಟ್ಟಲನ್ನು ಎರಡು ಕೈಯಲ್ಲಿ ಮುಚ್ಚಿ ಹಿಡಿದು, ಕೈ ಸುಟ್ಟುಕೊಂಡು, "ಚೆಲ್ಬೇಡಿ ಚಿಕ್ಕಣ್ಣ, ನೋಡ್ಬೇಕು" ಎಂದೆ. "ಏನ್ ನೋಡ್ತೀಯೋ? ಮದುವೆ ಹೆಣ್ಣಾ? ಎದ್ದೋಗು, ಮುಂದಿನ ಕ್ಲಾಸು ಕಾಯ್ತಾ ನಿಂತದೆ" ಎಂದು ಕಿತ್ತುಕೊಂಡರು. ಚಿಕ್ಕಣ್ಣನವರೇ, ನಿಮಗೆ ನೆನಪಿಲ್ಲದಿರಬಹುದು. ನನಗೆ ಆ ನೀಲಿ ನೀರು ಬಕೀಟಿಗೆ ಬಿದ್ದ ಸದ್ದು ಕೂಡ ನೆನಪಿದೆ.

ಬೆಂಚಿಗೆ ಹೋಗಿ ಕುಳಿತು ರೆಕಾರ್ಡಿನಲ್ಲಿ ಬರೆದೆ: 'ಫಲಿತಾಂಶ: ಹರಳುಗಳು ದೊರೆಯಲಿಲ್ಲ. ಗಂಟೆ ಹೊಡೆಯಿತು. ಚಿಕ್ಕಣ್ಣನವರು ಬಟ್ಟಲು ತೊಳೆದರು.'

ಮಾರನೆಯ ದಿನ ಮೇಷ್ಟ್ರು ರುಜು ಹಾಕುತ್ತ ಬಂದವರು ನನ್ನ ಪುಸ್ತಕದ ಮುಂದೆ ನಿಂತರು.

"ಏನೋ ಇದು?"

"ನಡೆದದ್ದು ಸಾರ್."

"ಉಳಿದವರೆಲ್ಲ ದೊರೆತವು ಅಂತ ಬರೆದಿದ್ದಾರಲ್ಲೋ."

"ಅವರಿಗೆ ಕಂಡಿರಬೇಕು ಸಾರ್."

ತರಗತಿ ಕೊಳ್ಳೆಂದು ನಕ್ಕಿತು. ಮೇಷ್ಟ್ರ ಕಿವಿ ಕೆಂಪಾಯಿತು. "ಈ ಸಾಲು ಹೊಡೆದುಹಾಕಿ ಸರಿಯಾಗಿ ಬರಿ, ರುಜು ಹಾಕ್ತೀನಿ" ಎಂದು ಮುಂದೆ ಹೋದರು. ನಾನು ಹೊಡೆದುಹಾಕಲಿಲ್ಲ. ರೆಕಾರ್ಡಿಗೆ ವಿಜ್ಞಾನದ ಮೇಷ್ಟ್ರ ರುಜು ಇಲ್ಲದೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ, ಅದು ಶಾಲೆಯ ಕಟ್ಟಳೆ. ಹಾಲ್ ಟಿಕೆಟ್ಟು ಹಂಚುವ ದಿನ ನನ್ನ ಹೆಸರು ಕೂಗಲಿಲ್ಲ. ಸೀದಾ ಮನೆಗೆ ನಡೆದೆ. ಮೇಷ್ಟ್ರು ಚೆಲುವನನ್ನು ಶಾಲೆಯಿಂದ ಓಡಿಸಿದರು ಎಂದು ಊರಲ್ಲಿ ಸುದ್ದಿಯಾಯಿತು. ಹಿನಕಲ್ಲಿನವರೇ, ಹಿಂದಿನ ಸಾಲಿನವರೇ, ಚೆನ್ನಾಗಿ ಕೇಳಿಸಿಕೊಳ್ಳಿ. ಅವರು ಓಡಿಸಲಿಲ್ಲ. ನಾನೇ ಎದ್ದುಬಂದೆ. ಓಡಿಸಿದವರು ಸೈಕಲ್ ತುಳಿದುಕೊಂಡು ಹುಡುಗನ ಮನೆಗೆ ಬರುತ್ತಾರೆಯೇ?

ಬಂದರು. ಬೇಸಗೆ ರಜೆಯಲ್ಲಿ ಒಂದು ಸಂಜೆ, ಕೋಟು, ಪೇಟ, ಹಣೆಯಲ್ಲಿ ಬೆವರು. ಜಗಲಿಯ ತುದಿಯಲ್ಲಿ ಕುಳಿತು ನಮ್ಮಮ್ಮನಿಗೆ, "ಒಂದೇ ಒಂದು ಸಾಲು ಬರೀಲಿ ಅಂತ ಹೇಳಿಯಮ್ಮ. ಸೆಪ್ಟೆಂಬರಿನಲ್ಲಿ ಕೂರಬಹುದು" ಎಂದರು.

ನಮ್ಮಮ್ಮ ನನ್ನ ಬೆನ್ನಿಗೆ ಗುದ್ದಿದಳು. "ಬರ್ದು ಬುಡೋ ಮುಂಡೇದೇ! ಒಂದ್ ಸಾಲ್ಗೆ ಯಾಕಿಂಗೆ ಸಾಯ್ತೀಯ?"

"ಕಂಡಿಲ್ಲ ಕಣವ್ವ. ಕಾಣದೇ ಇರೋದನ್ನ ಎಂಗ್ ಬರೀಲಿ?"

ಮೇಷ್ಟ್ರು ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು, ಮತ್ತೆ ಒರೆಸಿದರು. ಆಮೇಲೆ, ನಮ್ಮಮ್ಮನ ಎದುರಿಗೇ, ಒಂದು ಮಾತು ಹೇಳಿದರು. ಆ ಮಾತು ಕೇಳಿದ ಮೇಲೆ ನಾನು ಅವರನ್ನು ಬಿಟ್ಟು ಇರಲಾರದವನಾದೆ.

"ನಾನೂ ಕಂಡಿಲ್ಲ ಕಣೋ, ಚೆಲುವ. ಸೀಸೆಯಲ್ಲಿ ಕೊಂಡು ತಂದದ್ದನ್ನ ಕಂಡಿದ್ದೀನಿ. ಹುಟ್ಟೋದನ್ನ ಕಂಡಿಲ್ಲ. ನಾನು ಓದುವಾಗಲೂ ಗಂಟೆ ಹೊಡೀತು."

ಸಭಿಕರೇ, ಮೂವತ್ತು ವರ್ಷ ಪಾಠ ಹೇಳಿದವರು, ಅರಮನೆಯ ಪಂಡಿತರ ಮನೆತನದವರು, ಹಿನಕಲ್ಲಿನ ಜಗಲಿಯ ಮೇಲೆ ಕುಳಿತು ಹೀಗೆನ್ನಬಲ್ಲರೇ? ಇವರು ಅಂದರು! ನಾನು ಎದ್ದು ನಿಂತು, "ಸಾರ್, ನಮ್ಮ ಬಚ್ಚಲಲ್ಲಿ ಗಂಟೆ ಇಲ್ಲ" ಎಂದೆ. ಮುಂದಿನ ಭಾನುವಾರವೇ ಶುರುವಾಯಿತು.

ನಮಗೆ ಏನೇನೂ ಬರುತ್ತಿರಲಿಲ್ಲ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಶಾಲೆಯ ಸಾಮಾನು ಮುಟ್ಟಬಾರದೆಂದು ಮೇಷ್ಟ್ರು ಆಣೆ ಹಾಕಿಕೊಂಡಿದ್ದರು. ಆಮ್ಲಕ್ಕೆ ಬ್ಯಾಟರಿ ಅಂಗಡಿ ಸಿಕ್ಕಿತು. ತಾಮ್ರದ ಆಕ್ಸೈಡ್ ಎಲ್ಲಿಂದ ತರುವುದು? ನಾನು ಸುತ್ತ ನೋಡಿದೆ. ಬಚ್ಚಲಲ್ಲಿ ಎದುರಿಗೇ ನೀರು ಕಾಯಿಸುವ ತಾಮ್ರದ ಹಂಡೆ ಕೂತಿದೆ, ಅದರ ಹೊರಮೈಯೆಲ್ಲ ಕರ್ರಗೆ! "ಸಾರ್, ಇಷ್ಟೊಂದು ಆಕ್ಸೈಡು!" ಎಂದು ಕುಣಿದೆ. ಇಬ್ಬರೂ ಸೇರಿ ಕೆರೆದು ಕೆರೆದು ಒಂದು ಬೋಗುಣಿ ತುಂಬಿಸಿ ಆಮ್ಲಕ್ಕೆ ಸುರಿದೆವು. ಕಾಯಿಸಿದೆವು. ಕರಗಲಿಲ್ಲ. ಇನ್ನಷ್ಟು ಕಾಯಿಸಿದೆವು. ನಮ್ಮಮ್ಮ ಬಾಗಿಲಲ್ಲಿ ನಿಂತು ನೋಡಿ, "ಅದು ಸೌದೆ ಮಸಿ ಕಣ್ರೀ ಮೇಷ್ಟ್ರೇ. ನೀವೇ ಈಗ ಹನುಮಂತ್ರಾಯನಂಗೆ ಆಗಿದ್ದೀರಿ, ಮಕ ತೊಳ್ಕಳಿ" ಎಂದಳು. ಹಂಡೆ ತಾಮ್ರದ್ದು, ಕರಿ ಸೌದೆಯದು! ವಿಜ್ಞಾನದ ಮೇಷ್ಟ್ರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೇಷ್ಟ್ರು ನಕ್ಕರು ನೋಡಿ! ಶಾಲೆಯಲ್ಲಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹಂಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ಹಾಗೆ, ಮಸಿಯ ಮುಖದಲ್ಲಿ ಎರಡು ಬಿಳಿ ಗೆರೆ ಇಳಿಯುವ ಹಾಗೆ ನಕ್ಕರು.

ಆಮೇಲೆ ಅಟ್ಟದ ಮೇಲೆ ಅಜ್ಜಿಯ ಕಾಲದ ಒಂದು ತಾಮ್ರದ ಕೊಳಗ ಸಿಕ್ಕಿತು, ಒಳಗೆಲ್ಲ ಹಸಿರು ಕಿಲುಬು. ಕಿಲುಬು ತಾಮ್ರದ ಕಾರ್ಬೊನೇಟು ಎಂದು ಮೇಷ್ಟ್ರಿಗೆ ಥಟ್ಟನೆ ನೆನಪಾಯಿತು. ಕೆರೆದು ಆಮ್ಲಕ್ಕೆ ಉದುರಿಸಿದೆವೋ ಇಲ್ಲವೋ, ನೊರೆ! ಬುಸ್ಸೆಂದು ನೊರೆ! ನೊರೆ ಇಳಿದ ಮೇಲೆ ತಳದಲ್ಲಿ ತಿಳಿ ನೀಲಿ. ಕೊಳಗದ ಒಳಗು ಹೊಸದರ ಹಾಗೆ ಥಳಥಳ. "ನಂಗೆ ಹುಣಸೆಹಣ್ಣು ಉಳೀತು" ಎಂದು ನಮ್ಮಮ್ಮನಿಗೂ ಸಂತೋಷ. ಮೇಷ್ಟ್ರು ಹೇಳಿದರು, "ನಿಮ್ಮಮ್ಮ ಹುಣಸೆಹಣ್ಣು ಹಾಕಿ ಚೊಂಬು ಬೆಳಗ್ತಾರಲ್ಲ, ಅದೂ ಇದೇ ಕಣೋ. ಶುಕ್ರವಾರ ಶುಕ್ರವಾರ ಲವಣ ಮಾಡಿ ಚರಂಡಿಗೆ ಚೆಲ್ತಾರೆ. ನಮ್ಮ ಶಾಲೆಯ ಹಾಗೇ!"

ಇಂಗಿಸುವಾಗ ಆತುರಪಟ್ಟೆ. ಆತುರ ನನ್ನ ಹುಟ್ಟುಗುಣ. ಪೂರ್ತಿ ಇಂಗಿ, ನೀಲಿ ಹೋಗಿ, ಬೂದಿಯ ಹಾಗೆ ಬಿಳಿಯ ಪುಡಿ ಉಳಿಯಿತು. ಎಲ್ಲ ಹಾಳಾಯಿತು ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನೀರು ತುಂಬಲು ಬಂದ ನಮ್ಮಮ್ಮನ ಒದ್ದೆ ಕೈಯಿಂದ ಒಂದು ಹನಿ ಅದರ ಮೇಲೆ ಬಿತ್ತು. ಬಿದ್ದಲ್ಲಿ ಚುಂಯ್ ಎಂದು ನೀಲಿ! "ಅಯ್ಯೋ ನಮ್ಮಪ್ಪ, ಜೀವ ಬಂದ್ಬುಡ್ತು!" ಎಂದು ಅವಳು ಕೊಡ ಕೆಳಗಿಟ್ಟಳು. ಆ ಹರಳಿಗೆ ಬಣ್ಣ ಕೊಡುವುದೇ ನೀರು ಎಂದು ಪುಸ್ತಕದಲ್ಲಿ ಓದಿದ್ದೆವು. ಓದುವುದು ಬೇರೆ, ಸಭಿಕರೇ. ಅಮ್ಮನ ಕೈಯ ಹನಿ ಬಿದ್ದು ಬೂದಿ ನೀಲಿಯಾಗುವುದನ್ನು ಕಾಣುವುದು ಬೇರೆ.

ಮೊದಲ ಭಾನುವಾರ ಮೇಷ್ಟ್ರು ಕುಡಿಯುವ ನೀರನ್ನು ಮನೆಯಿಂದಲೇ ಹೂಜಿಯಲ್ಲಿ ತಂದಿದ್ದರು. ಆಮೇಲೆ ನಮ್ಮ ಮಜ್ಜಿಗೆ ಕುಡಿದರು. ಮಳೆಗಾಲದ ಹೊತ್ತಿಗೆ ನಮ್ಮಮ್ಮನ ಮುದ್ದೆ, ಬಸ್ಸಾರು... ಅಯ್ಯೋ. ರಮಾಮಣಿ ಅಮ್ಮನವರೇ, ಇದನ್ನು ಹೇಳಬಾರದಿತ್ತೋ ಏನೋ. ಬಾಯಿಗೆ ಬಂದದ್ದನ್ನು ನುಂಗಲು ನನಗೆ ಬರುವುದಿಲ್ಲ. ಅಮ್ಮನವರು ನಗುತ್ತಿದ್ದಾರೆ. ಬದುಕಿದೆ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಬಚ್ಚಲ ತಡಿಕೆಯ ಬಾಗಿಲನ್ನು ಯಾರೋ ಒದ್ದರು. ನೋಡಿದರೆ ದಫೇದಾರ್ ದೇವರಾಜು! ಅವರೂ ಇಲ್ಲೇ, ಮೂರನೆಯ ಸಾಲಿನಲ್ಲಿ, ಇವತ್ತು ಬಿಳಿ ಅಂಗಿಯಲ್ಲಿದ್ದಾರೆ. ಬೀದಿಯವರು ಕಳ್ಳಭಟ್ಟಿ ಎಂದು ದೂರು ಕೊಟ್ಟಿದ್ದರು. ಲಾಠಿ ಎತ್ತಿಕೊಂಡು "ಏಯ್, ಯಾವನ್ಲಾ ಅವನು?" ಎಂದು ನುಗ್ಗಿದರು. ಪಂಚೆ ಎತ್ತಿ ಕಟ್ಟಿಕೊಂಡು ಊದುಗೊಳವೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತವರು ತಿರುಗಿ ನೋಡಿದರು. ದಫೇದಾರರ ಲಾಠಿ ಕೆಳಗಿಳಿಯಿತು. ಕಾಲುಗಳು ತಾವಾಗಿಯೇ ಜೋಡಿಕೊಂಡವು.

"ಸಾರ್... ನೀವಾ?"

"ಲವಣ ತಯಾರಿಸ್ತಿದ್ದೀವಿ ಕಣಯ್ಯ. ನಿನಗೂ ಹೇಳಿಕೊಟ್ಟಿದ್ದೆನಲ್ಲ, ತಾಮ್ರದ ಸಲ್ಫೇಟು."

"ಹೌದು ಸಾರ್. ಸುಂದರವಾದ ನೀಲಿ ಹರಳುಗಳು ದೊರೆತವು."

"ನೋಡಿದ್ಯಾ?"

ದಫೇದಾರರು ಅಟೆನ್ಷನ್ನಿನಲ್ಲೇ ನಿಂತು ಯೋಚಿಸಿದರು. "ಇಲ್ಲ ಸಾರ್. ಗಂಟೆ ಹೊಡ್ದುಬುಡ್ತು."

"ಹಾಗಾದ್ರೆ ಕೂತ್ಕೊ" ಎಂದರು ಮೇಷ್ಟ್ರು. ದಫೇದಾರರು ಟೋಪಿ ತೆಗೆದು ಸೌದೆಯ ಕೊರಡಿನ ಮೇಲೆ ಕುಳಿತರು. ಬಟ್ಟಲನ್ನು ಇಳಿಸಿ, ನಿಧಾನವಾಗಿ ತಣ್ಣಗಾಗಲೆಂದು ಹೊಟ್ಟಿನ ಕುಕ್ಕೆಯಲ್ಲಿಟ್ಟಿದ್ದೆವು. ನಾನು ಎದ್ದೆದ್ದು ಅಲ್ಲಾಡಿಸಿ ನೋಡುತ್ತಿದ್ದೆ. "ಕೈ ಕಟ್ಕೊಂಡು ಕೂರೋ, ಹರಳು ನಿನ್ನ ಹಾಗಲ್ಲ, ಅದಕ್ಕೆ ನೆಮ್ಮದಿ ಬೇಕು" ಎಂದು ಮೇಷ್ಟ್ರು ಗದರಿದರು. ದಫೇದಾರರು ನನ್ನ ಎರಡು ಕೈಯನ್ನೂ ತಾವೇ ಹಿಡಿದುಕೊಂಡರು, ಕಳ್ಳನನ್ನು ಹಿಡಿದ ಹಾಗೆ. ಕೂತೆವು. ಬಿಸಿಲು ತಡಿಕೆಯ ಮೇಲಿಂದ ಜಾರಿ ಗೋಡೆಗೆ ಹೋಯಿತು. ಆಗ ಬಟ್ಟಲಿನ ಅಂಚಿನಲ್ಲಿ ಒಂದು ಗೆರೆ. ಗೆರೆಗೆ ಒಂದು ಮೂಲೆ. ಮೂಲೆಗೆ ಒಂದು ಮೈ. ಹೊಸ ಇಂಕಿನ ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ಕಾಣುತ್ತದಲ್ಲ, ಆ ನೀಲಿ, ಆದರೆ ಗಟ್ಟಿ, ಚಾಣದಿಂದ ಕಡೆದ ಹಾಗೆ ಅಂಚು! ಯಾರೂ ಕಡೆದಿಲ್ಲ, ತಾನೇ ಆದದ್ದು! ದಫೇದಾರರು ನನ್ನ ಕೈ ಬಿಟ್ಟು ಮೇಷ್ಟ್ರ ತೋಳು ಹಿಡಿದುಕೊಂಡರು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಬಟ್ಟಲಿನ ಮೇಲೆ ಬಾಗಿದರು.

ಮೊದಲು ಚೇತರಿಸಿಕೊಂಡವರೂ ಅವರೇ. "ಕಂಡ್ಯಲ್ಲ! ತಾ ರೆಕಾರ್ಡು. ಬರಿ, ರುಜು ಹಾಕ್ತೀನಿ."

ಇಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ ನೀವೆಲ್ಲ ನನಗೆ ಹೊಡೆಯಲು ಏಳಬಹುದು. ನಾನು ರೆಕಾರ್ಡಿನ ಮೊದಲ ಪುಟ ತೆಗೆದು ತೋರಿಸಿದೆ. 'ಶಾಲೆಯ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಮಾಡಿದ ಪ್ರಯೋಗಗಳು' ಎಂದು ಅಚ್ಚಾಗಿದೆ. "ಇದು ಬಚ್ಚಲು ಸಾರ್."

"ಹರಳು ಬಂದ ಕಡೆಯೆಲ್ಲ ಪ್ರಯೋಗಶಾಲೆಯೇ ಕಣೋ!"

"ಪುಸ್ತಕದಲ್ಲಿ ಶಾಲೆ ಅಂತಿದೆ ಸಾರ್."

"ಇವನನ್ನ ಒಳಗೆ ಹಾಕ್ಬಿಡ್ಲಾ ಸಾರ್?" ಎಂದರು ದಫೇದಾರರು. ನಮ್ಮಮ್ಮ ಒಳಗಿನಿಂದಲೇ, "ಆಕಿ ಸ್ವಾಮಿ, ಪುಣ್ಯ ಬತ್ತದೆ. ಸ್ಕೂಲ್ನಾಗೆ ಓದ್ದೇ ಇದ್ದೋನು ಬಚ್ಚಲಲ್ಲಿ ಓದ್ತಾನಾ!" ಎಂದು ಕೂಗಿದಳು.

ಮೇಷ್ಟ್ರು ಮೂರು ಭಾನುವಾರ ನಮ್ಮ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಭಾನುವಾರ ಸೈಕಲ್ಲಿನ ಗಂಟೆ ಕೇಳಿಸಿತು. ರೆಕಾರ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಲಾಳದ ಮೊಳೆಯಿಂದ ಕಬ್ಬಿಣದ ಹಸಿರು ಲವಣ ಮಾಡಿದೆವು. ಸೋಡಾಕ್ಕೆ ಅರಿಶಿನ ಹಾಕಿ ಕೆಂಪು ಮಾಡಿ, ಕೆಂಪು ಹೋಗುವವರೆಗೆ ಆಮ್ಲ ಬಿಟ್ಟು, ಎಷ್ಟು ಬಿಟ್ಟೆವೆಂದು ಅಳತೆ ನೋಡಿಕೊಂಡು, ಲವಣಕ್ಕೆ ಬಣ್ಣ ಹತ್ತಬಾರದೆಂದು ಅದನ್ನು ಚೆಲ್ಲಿ, ಅರಿಶಿನವೇ ಇಲ್ಲದೆ ಅದೇ ಅಳತೆಯಲ್ಲಿ ಮತ್ತೊಮ್ಮೆ ಮಾಡಿದೆವು. "ಎರಡನೇ ಸಲ ಬಣ್ಣ ತೋರಿಸೋರು ಯಾರೂ ಇರೋಲ್ಲ. ಅಳತೆ ಮಾತ್ರ ಅದೇ ಇರ್ಬೇಕು" ಎನ್ನುತ್ತಿದ್ದರು ಮೇಷ್ಟ್ರು. ಇದನ್ನು ಅವರು ಸೋಡಾದ ಬಗ್ಗೆಯೇ ಹೇಳಿದರೋ, ನನ್ನ ಬಗ್ಗೆ ಹೇಳಿದರೋ, ನಾನು ಕೇಳಲಿಲ್ಲ.

ಹೀಗೆ ನಾಲ್ಕು ವರ್ಷ. ಈ ಸಂಕ್ರಾಂತಿಯ ಹೊತ್ತಿಗೆ ನನಗೆ ಒಂದು ಕೆಲಸ ಗೊತ್ತಾಯಿತು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ. ಅಲ್ಲಿ ಸಮುದ್ರದ ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಇಂಗಿಸುತ್ತಾರೆ. ಬಟ್ಟಲು ಎಂದರೆ ಗದ್ದೆಯಷ್ಟು ದೊಡ್ಡದು, ದೀಪ ಎಂದರೆ ಸೂರ್ಯ! ಈಗ ಕೂಲಿ ಕೆಲಸ. ಎಸ್.ಎಸ್.ಎಲ್.ಸಿ. ಆದರೆ ಉಪ್ಪನ್ನು ಪರೀಕ್ಷೆ ಮಾಡುವ ಕೋಣೆಯಲ್ಲಿ ಸಹಾಯಕ. ಮೇಷ್ಟ್ರಿಗೆ ಹೇಳಿದೆ. ಅವರು ಕೇಳಿ, "ಈ ತಿಂಗಳ ಕೊನೆಗೆ ನಾನು ನಿವೃತ್ತ. ಆಮೇಲೆ ನನ್ನ ರುಜುವಿಗೆ ಬೆಲೆ ಇಲ್ಲ. ಹೊಸಬರು ನಾಲ್ಕು ವರ್ಷದ ಹಳೇ ರೆಕಾರ್ಡಿಗೆ ಯಾಕೆ ಹಾಕ್ತಾರೆ? ನೀನು ಜೀವಮಾನವೆಲ್ಲ ಉಪ್ಪು ಹೊರ್ತೀಯ" ಎಂದರು. ನಿನ್ನೆ ಬಂದು, "ನಾಳೆ ಮೂರನೇ ಪೀರಿಯಡ್ಡಿಗೆ ಪ್ರಯೋಗಶಾಲೆ ಖಾಲಿ. ಬಾ" ಎಂದರು. ಅಷ್ಟೇ.

ವಿದ್ಯಾರ್ಥಿಗಳೇ, ಈಗ ನಿಮ್ಮ ಕಿವಿ ನೆಟ್ಟಗಾಗಲಿ! ಇವತ್ತು ಬೆಳಿಗ್ಗೆ ನಿಮ್ಮ ಮೂರನೆಯ ಪೀರಿಯಡ್ಡು ಮುಗಿಯಲೇ ಇಲ್ಲ, ಅಲ್ಲವೇ? ಭೂಗೋಳದ ಮೇಷ್ಟ್ರು ಕಾವೇರಿಯ ಉಪನದಿಗಳನ್ನು ಎರಡು ಸಲ ಹೇಳಿ, ನೀರು ಕುಡಿದು, ಮೂರನೆಯ ಸಲ ಶುರುಮಾಡಿದರಂತೆ. ಗಡಿಯಾರ ಕೆಟ್ಟಿತ್ತು ಎಂದು ಮಧ್ಯಾಹ್ನ ನೋಟೀಸು ಬಂತಲ್ಲ? ವರಾಂಡದ ಆ ಗಡಿಯಾರ ನಮ್ಮ ಅಧ್ಯಕ್ಷರಾದ ವೃಷಭೇಂದ್ರಪ್ಪನವರು ದಾನ ಕೊಟ್ಟದ್ದು. ಅಧ್ಯಕ್ಷರೇ, ನಿಮ್ಮ ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಅದರ ಮೇಲೆ ಅಪವಾದ ಬರಬಾರದು.

ನಡೆದದ್ದು ಇಷ್ಟು. ಬೇಗ ಬೇಗ ಕಾಯಿಸಿದೆ, ಕರಿಯ ಪುಡಿ ಹಾಕಿದೆ, ಸೋಸಿದೆ, ಇಂಗಿಸಿದೆ, ಇಳಿಸಿದೆ. ಪೀರಿಯಡ್ಡು ಮುಗಿಯುವ ಹೊತ್ತಿಗೆ ಬಟ್ಟಲು ಸುಡುತ್ತಿತ್ತು. ಕಿಟಕಿಯಲ್ಲಿ ಚಿಕ್ಕಣ್ಣನವರ ಮುಖ ಕಾಣಿಸಿತು. ಕೈಯಲ್ಲಿ ಸುತ್ತಿಗೆ.

"ಆಯ್ತಾ?"

"ಇಲ್ಲ."

ಹೋದರು. ಗಂಟೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. "ಈಗ?" "ಇಲ್ಲ ಚಿಕ್ಕಣ್ಣ." ಹೋದರು. ಆಮೇಲೆ ಏಕಾಂತಯ್ಯನವರೇ ಕೋಣೆಯಿಂದ ಹೊರಗೆ ಬಂದು, "ಯಾಕಯ್ಯಾ ಗಂಟೆ ಹೊಡೆದಿಲ್ಲ?" ಎಂದು ಗುಡುಗಿದ್ದು ನಮಗೆ ಕೇಳಿಸಿತು. "ಒಂದ್ ಕಿತ ಇಲ್ಲಿ ನೋಡಿ ಸ್ವಾಮಿ" ಎಂದದ್ದೂ ಕೇಳಿಸಿತು. ಕಿಟಕಿಯಲ್ಲಿ ಎರಡು ಮುಖಗಳಾದವು. ಮುಖ್ಯೋಪಾಧ್ಯಾಯರು ಅಲ್ಲೇ ನಿಂತರು. ನೋಟೀಸು ಅವರು ಆಮೇಲೆ ಬರೆದದ್ದು.

ಬಟ್ಟಲು ತಣ್ಣಗಾಯಿತು. ಕೈ ಇಟ್ಟರೆ ತಂಪು. ಹರಳಿಲ್ಲ! ತಿಳಿ ನೀಲಿ ನೀರು ಕನ್ನಡಿಯ ಹಾಗೆ ನಿಂತಿದೆ, ಒಂದು ಗೆರೆಯೂ ಇಲ್ಲ. ಮೇಷ್ಟ್ರು ನೋಡಿದರು, ನಾನು ನೋಡಿದೆ, ಕಿಟಕಿಯವರು ನೋಡಿದರು. ಊಟದ ಹೊತ್ತು ಹತ್ತಿರವಾಗುತ್ತಿತ್ತು. ಇಡೀ ಶಾಲೆಯನ್ನು ಎಷ್ಟು ಹೊತ್ತು ಹಿಡಿದಿಡಬಹುದು? ಮೇಷ್ಟ್ರು ಮೇಜಿನ ಮೇಲಿದ್ದ ಪೆನ್ನನ್ನು ನನ್ನ ಕಡೆ ತಳ್ಳಿದರು. "ಬರೆದುಬಿಡೋ, ಚೆಲುವ. ನನಗೋಸ್ಕರ. ಒಂದೇ ಸಲ."

ಹೇಳಿ, ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಾನು ಬರೆಯುವುದನ್ನು ನೋಡಲು ಅವರಿಗೆ ಆಗಲಿಲ್ಲ.

ಮಹನೀಯರೇ, ನಾನು ಪೆನ್ನು ತೆಗೆದುಕೊಂಡೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಆದರೆ ಬಾಯಿಗೆ ಬಂದಿದೆ. ನಾಲ್ಕು ವರ್ಷ ಬಗ್ಗದವನು ಆ ತಿರುಗಿದ ಬೆನ್ನನ್ನು ನೋಡಿ ಬಗ್ಗಿದೆ. ಆ ಕೋಟಿನ ಹಿಂದುಗಡೆ ಹೊಲಿಗೆ ಬಿಟ್ಟಿತ್ತು. 'ಫಲಿತಾಂಶ' ಎಂದು ಬರೆದೆ. ಸುಳ್ಳು ಬರೆಯಲು ಹೊರಟಿದ್ದೆ, ಅವರಿಗೋಸ್ಕರ. ಬರೆದೂ ಬಿಡುತ್ತಿದ್ದೆ.

ಮೇಷ್ಟ್ರ ಕೈ ಸುಮ್ಮನಿರಲಿಲ್ಲ. ಬೇರೆ ಕಡೆ ನೋಡುತ್ತಲೇ ಬಟ್ಟಲಿನಲ್ಲಿದ್ದ ಗಾಜಿನ ಕಡ್ಡಿಯನ್ನು ಹಿಡಿದಿದ್ದರು. ಕಡ್ಡಿ ಬಟ್ಟಲಿನ ಗೋಡೆಗೆ ಕರಕರ ಉಜ್ಜುತ್ತಿತ್ತು. ಆ ಉಜ್ಜಿದ ಜಾಗದಿಂದ, ಸಭಿಕರೇ, ಆ ಜಾಗದಿಂದಲೇ, ಫಕ್ಕನೆ ಒಂದು ನೀಲಿ ಎದ್ದಿತು! ಅದರಿಂದ ಹತ್ತು, ಹತ್ತರಿಂದ ನೂರು, ನೋಡುತ್ತಿರುವಾಗಲೇ ತಳವೆಲ್ಲ! "ಸಾರ್! ತಿರುಗಿ ಸಾರ್!" ಎಂದು ನಾನು ಕಿರುಚಿದೆ. ಕಿಟಕಿಯಲ್ಲಿ ಚಿಕ್ಕಣ್ಣನವರು "ಬಂತು! ಬಂತು!" ಎಂದು ಕೂಗಿದರು. ಇಷ್ಟು ವರ್ಷ ಬಟ್ಟಲು ತೊಳೆದವರು, ಅವರೂ ಮೊದಲ ಸಲ ನೋಡಿದ್ದು. ನಮ್ಮ ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದಿರಿ ಸಾರ್!

ನಾನು ಸಾಲು ಮುಗಿಸಿದೆ. ಪುಸ್ತಕವನ್ನು ತಂದಿದ್ದೇನೆ, ಓದುತ್ತೇನೆ: 'ಫಲಿತಾಂಶ: ನೀಲಿ ಹರಳುಗಳು ದೊರೆತವು. ಸುಂದರವಾಗಿರಲಿಲ್ಲ. ಕಡ್ಡಿ ತಾಗಿದ್ದರಿಂದ ನುಚ್ಚಕ್ಕಿಯಷ್ಟು ಸಣ್ಣಗಿದ್ದವು. ಗಂಟೆ ಹೊಡೆಯಲಿಲ್ಲ.' ಅದರ ಕೆಳಗೆ ಮೇಷ್ಟ್ರ ರುಜು, ಇವತ್ತಿನ ತಾರೀಖು, ಮತ್ತು ಎಲ್ಲ ರೆಕಾರ್ಡುಗಳ ಮೇಲೂ ಅವರು ಮೂವತ್ತು ವರ್ಷದಿಂದ ಬರೆಯುತ್ತ ಬಂದ ಅದೇ ಒಂದು ಪದ: 'ನೋಡಿದೆ.'

ಅಧ್ಯಕ್ಷರೇ, ನನ್ನದೊಂದು ಕೋರಿಕೆ. ಮೇಷ್ಟ್ರಿಗೆ ಶಾಲು ಕೊಟ್ಟಿದ್ದೀರಿ, ಬೆಳ್ಳಿ ತಟ್ಟೆ ಕೊಟ್ಟಿದ್ದೀರಿ. ಅದರ ಜೊತೆಗೆ ಪ್ರಯೋಗಶಾಲೆಗೆ ಎರಡು ಪೀರಿಯಡ್ಡುಗಳನ್ನು ಸೇರಿಸಿ ಕೊಡಿ. ಬಟ್ಟಲುಗಳನ್ನು ಬೆಳಗಿನವರೆಗೆ ಯಾರೂ ಮುಟ್ಟದ ಹಾಗೆ ಇಡಲು ಒಂದು ಹಲಗೆ ಹೊಡೆಸಿಕೊಡಿ. ಗಡಿಯಾರ ಕೊಟ್ಟವರು ಸಮಯವನ್ನೂ ಕೊಡಬಲ್ಲಿರಿ. ತಾವು ತಲೆದೂಗುತ್ತಿದ್ದೀರಿ. ಇಷ್ಟು ಜನ ನೋಡಿದ್ದಾರೆ.

ನಾನು ಸೆಪ್ಟೆಂಬರಿನಲ್ಲಿ ಸಾಣಿಕಟ್ಟೆಯ ಹತ್ತಿರದ ಕುಮಟೆಯಲ್ಲಿ ಪರೀಕ್ಷೆಗೆ ಕೂರುತ್ತೇನೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ, ಇಂಗ್ಲಿಷು ಕಷ್ಟ. ಮೇಷ್ಟ್ರೇ, ಬಚ್ಚಲ ಒಲೆ ಹಾಗೇ ಇರುತ್ತದೆ. ಭಾನುವಾರ ನೀವು ಬರಬೇಕು ಎಂದು ನಮ್ಮಮ್ಮ ಹೇಳಿ ಕಳಿಸಿದ್ದಾಳೆ. ರಮಾಮಣಿ ಅಮ್ಮನವರನ್ನೂ ಕರೆತರಬೇಕಂತೆ. ನಾನಿಲ್ಲದಿದ್ದರೆ ಹರಳು ದೊಡ್ಡದಾಗಿಯೇ ಬರುತ್ತದೆ, ಅಲ್ಲಾಡಿಸುವವರು ಯಾರೂ ಇರುವುದಿಲ್ಲ.

ಐದು ನಿಮಿಷ ಎಂದೋ ಆಗಿಹೋಗಿದೆ. ಚಿಕ್ಕಣ್ಣನವರು ಸುತ್ತಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಕಟ್ಟಿಕೊಂಡು ನಿಂತಿದ್ದಾರೆ. ಅವರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ, ನನ್ನನ್ನು ಇಲ್ಲಿ ನಿಲ್ಲಿಸಿದ ನನ್ನ ಮೇಷ್ಟ್ರಿಗೂ ವಂದನೆಗಳು. ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ ಅರಸೀಕೆರೆ ರೈಲಿಗೆ ಸಾಣಿಕಟ್ಟೆಗೆ ಹೊರಡುತ್ತೇನೆ.